ದಂಡಿನ ಹಸಿವು

ಯುದ್ಧವೆಂದೊಡನೆ ಕಣ್ಣಿಗೆ ಕಟ್ಟುವುದು ಕತ್ತಿ, ಕೋವಿ, ಫಿರಂಗಿಗಳು. ಆದರೆ ಪರನಾಡಿನ ಮೇಲೆ ಏರಿ ಬಂದ ದಂಡು ಕಾದಾಡುವುದು ಎಂದೋ ಒಂದು ದಿನ. ಉಣ್ಣಬೇಕಾದದ್ದು ಮಾತ್ರ ದಿನದಿನವೂ. ತನ್ನ ನಾಡಿನಲ್ಲಿ ನಿಂತು ಕಾದುವವನಿಗೆ ಕಣಜವೂ ಹತ್ತಿರ, ಬಾವಿಯೂ ಹತ್ತಿರ. ಏರಿ ಬಂದವನ ಕಣಜವಾದರೋ ಅವನ ಬೆನ್ನ ಹಿಂದೆ ಬಹುದೂರದಲ್ಲಿ ಉಳಿದಿರುತ್ತದೆ. 1791ರ ಬೇಸಗೆಯಲ್ಲಿ ಶ್ರೀರಂಗಪಟ್ಟಣದ ಬಳಿ ನಡೆದ ಪ್ರಸಂಗವು ಈ ಮಾತಿಗೆ ಒಳ್ಳೆಯ ನಿದರ್ಶನ.

ಆಗ ಮೂರನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಇಂಗ್ಲಿಷ್ ಕಂಪನಿಯ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸನು ತಾನೇ ಸೇನೆಯ ಮುಂದಾಳುತನ ವಹಿಸಿದ್ದನು. ಹೊರಗಿನಿಂದ ನೆರವು ಬರುವ ದಾರಿ ಮುಚ್ಚಿಹೋದರೆ ಏನಾಗುವುದೆಂಬುದು ಅವನಿಗೆ ತಿಳಿಯದ ಸಂಗತಿಯಲ್ಲ. ಹತ್ತು ವರ್ಷಗಳ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಫ್ರೆಂಚ್ ನೌಕಾಪಡೆಯು ಸಮುದ್ರದ ದಾರಿಯನ್ನು ತಡೆದಾಗ ಅವನು ಶರಣಾಗತನಾಗಬೇಕಾಗಿ ಬಂದಿತ್ತು. ಆದರೂ 1791ರ ಮಾರ್ಚಿಯಲ್ಲಿ ಬೆಂಗಳೂರನ್ನು ಗೆದ್ದುಕೊಂಡವನು ಮಳೆಗಾಲಕ್ಕೆ ಮುನ್ನವೇ ಯುದ್ಧವನ್ನು ಮುಗಿಸುವ ಆತುರದಲ್ಲಿ ಮೇ ತಿಂಗಳ ಮೊದಲಲ್ಲಿ ಶ್ರೀರಂಗಪಟ್ಟಣದತ್ತ ಹೊರಟನು. ಟಿಪ್ಪು ಸುಲ್ತಾನನು ದಾರಿಯ ಊರುಗಳನ್ನು ಬರಿದು ಮಾಡಿಸಿ ಮೇವು, ದವಸಗಳನ್ನು ಸುಡಿಸಿದನು. ಇದನ್ನು ಜಾಣ ಯುದ್ಧತಂತ್ರವೆಂದು ಹೊಗಳುವುದುಂಟು. ಹುಲ್ಲುಮೆದೆಯನ್ನೂ ಬಿತ್ತನೆಯ ಕಾಳನ್ನೂ ಕಳೆದುಕೊಂಡ ರೈತನಿಗೆ ಅದು ಏನಾಗಿ ತೋರಿತೋ, ಹೊಗಳುವವರು ಅದನ್ನೂ ನೆನೆಯಬೇಕು.

ಮೇವಿಲ್ಲದಿದ್ದರೆ ದಂಡಿಗೇನು ಕೇಡು? ಆ ಕಾಲದಲ್ಲಿ ಸೇನೆ ಎಂಬುದು ಎತ್ತಿನ ಬೆನ್ನ ಮೇಲೆ ಸಾಗುತ್ತಿತ್ತು. ಕೋಟೆಯ ಗೋಡೆಯನ್ನು ಒಡೆಯುವ ಒಂದೊಂದು ಭಾರಿ ಫಿರಂಗಿಯನ್ನು ಎಳೆಯಲು ಹಲವು ಜೋಡಿ ಎತ್ತುಗಳು ಬೇಕು. ಗುಂಡುಮದ್ದು, ಅಕ್ಕಿ, ಡೇರೆಗಳನ್ನು ಹೊರಲು ಸಾವಿರಾರು ಎತ್ತುಗಳು ಬೇಕು. ಎತ್ತಿಗೂ ಹೊಟ್ಟೆಯುಂಟು. ಅದರ ಮೇವನ್ನೂ ಎತ್ತಿನ ಮೇಲೆಯೇ ಹೇರುತ್ತ ಹೋದರೆ, ಮೇವು ಹೊರುವ ಎತ್ತಿಗೆ ಇನ್ನಷ್ಟು ಮೇವು ಬೇಕಾಗುತ್ತದೆ. ಲೆಕ್ಕ ಎಂದಿಗೂ ಮುಗಿಯದು. ಆದುದರಿಂದ ದಾರಿಬದಿಯ ಹುಲ್ಲೇ ಗತಿ. ಆ ಹುಲ್ಲು ಬೂದಿಯಾಗಿತ್ತು. ಸಾಲದುದಕ್ಕೆ ಮಳೆಯೂ ಹಿಡಿಯಿತು. ಎತ್ತುಗಳು ದಾರಿಯಲ್ಲೇ ಬೀಳತೊಡಗಿದವು.

ಮೇ 13ರಂದು ಸೇನೆ ಅರಕೆರೆಯನ್ನು ತಲಪಿತು. 15ರಂದು ನಡೆದ ಕಾಳಗದಲ್ಲಿ ಇಂಗ್ಲಿಷರದೇ ಮೇಲುಗೈ. ಟಿಪ್ಪುವಿನ ಪಡೆಗಳು ಕೋಟೆಯ ಆಸರೆಗೆ ಹಿಂದೆಗೆದವು. ರಾಜಧಾನಿಯ ಗೋಡೆಗಳು ಕಣ್ಣೆದುರಿಗೇ ಇದ್ದವು. ಆದರೆ ಗೆದ್ದವರಿಗೆ ಉಣ್ಣಲಿಲ್ಲ! ಕಾವೇರಿಯನ್ನು ದಾಟುವ ಆಸೆಯಿಂದ ಕನ್ನಂಬಾಡಿಯತ್ತ ಸಾಗುವಾಗ ಸಿಪಾಯಿಗಳೇ ಫಿರಂಗಿಗಳಿಗೆ ಹೆಗಲು ಕೊಟ್ಟು ಎಳೆಯಬೇಕಾಯಿತು. ದಂಡಿನ ಬೆನ್ನು ಹತ್ತಿ ಬಂದ ಬಡಜನರು ಸತ್ತ ಎತ್ತಿನ ಮಾಂಸವನ್ನು ತಿಂದು ಜೀವ ಹಿಡಿದರು. ಮೇ 22ರಂದು ಕಾರ್ನ್‌ವಾಲಿಸನು ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿದನು. ಪಶ್ಚಿಮದಿಂದ ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರೋಂಬಿಯ ಸೈನ್ಯಕ್ಕೂ ಹಿಂದಿರುಗಲು ಆಜ್ಞೆಯಾಯಿತು. ವಾರದ ಹಿಂದೆ ವೈರಿಯನ್ನು ಹಿಮ್ಮೆಟ್ಟಿಸಿದ ಸಿಪಾಯಿಯು, ತಾನು ಕೆಸರಿನಲ್ಲಿ ಎಳೆದು ತಂದ ಫಿರಂಗಿ ಒಡೆದು ಬೀಳುವುದನ್ನು ನೋಡುತ್ತ ನಿಂತನು. ಅವನ ಎದೆಗುಂದಿಸಲು ಶತ್ರುವಿನ ಗುಂಡು ಬೇಕೆ?

26ರಂದು ಸೇನೆ ಹಿಂದಿರುಗಿ ಹೊರಟಾಗ ಕುದುರೆ ಸವಾರರ ದೊಡ್ಡ ಗುಂಪೊಂದು ಎದುರಾಯಿತು. ವೈರಿಗಳೇ ಬಂದರೆಂದು ಮೊದಲು ಬಗೆದರು. ಬಂದವರು ಮಿತ್ರರಾದ ಮರಾಠರು! ಅವರು ಹತ್ತಿರದಲ್ಲೇ ಇದ್ದರೂ ಟಿಪ್ಪುವಿನ ಸವಾರರು ಓಲೆಗಾರರನ್ನು ತಡೆಯುತ್ತಿದ್ದುದರಿಂದ ಸುದ್ದಿ ಮುಟ್ಟಿರಲಿಲ್ಲ. ದಂಡಿಗೆ ದವಸದಷ್ಟೇ ಸುದ್ದಿಯೂ ಅವಶ್ಯಕ. ಮರಾಠರ ಪಾಳೆಯದ ಬಜಾರಿನಲ್ಲಿ ಧಾನ್ಯಕ್ಕೆ ಕೊರತೆ ಇರಲಿಲ್ಲ. ಬೆಲೆ ಮಾತ್ರ ವಿಪರೀತ. ಹಸಿದವನು ಚೌಕಾಸಿ ಮಾಡಲಾರನೆಂಬುದು ಅಲ್ಲಿಯ ವರ್ತಕರಿಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಎಂಟು ತಿಂಗಳುಗಳನ್ನು ಕಾರ್ನ್‌ವಾಲಿಸನು ಬಹುಮಟ್ಟಿಗೆ ದಾರಿಯನ್ನು ಭದ್ರಪಡಿಸಲು ಕಳೆದನು. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಅವನ ಕೈವಶವಾದವು. ಹೇರೆತ್ತುಗಳ ಮಂದೆಗಳೊಡನೆ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ನಾಡಿನಿಂದ ನಾಡಿಗೆ ಅಲೆಯುತ್ತಿದ್ದ ಬಣಜಾರರಿಗೆ, ಎಂದರೆ ಲಂಬಾಣಿಗರಿಗೆ, ಹಣ ಕೊಟ್ಟು ಧಾನ್ಯ ತರಿಸಿದನು. ಅವರು ಕತ್ತಿ ಹಿಡಿದು ಕಾದಲಿಲ್ಲ. ಆದರೂ ಆ ಗೆಲುವಿನಲ್ಲಿ ಅವರ ಪಾಲು ಸಿಪಾಯಿಗಳ ಪಾಲಿಗಿಂತ ಕಡಮೆಯದಲ್ಲ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ದಾಳಿಯಿಟ್ಟವರು ಹೊಟ್ಟೆ ತುಂಬಿದ ಸೈನಿಕರು. ಈ ಬಾರಿ ಮನೋಬಲ ಮುರಿದದ್ದು ಎದುರು ಪಕ್ಷದಲ್ಲಿ. ಬಲವಂತದಿಂದ ಕೊಡಗಿನಿಂದ ತಂದು ಸೇರಿಸಿದ್ದ ಸಾವಿರಾರು ಜನ ಆ ಗೊಂದಲದಲ್ಲಿ ತಮ್ಮ ಬೆಟ್ಟಗಳ ದಾರಿ ಹಿಡಿದರು. ಮಾರ್ಚಿಯ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು.

ಟಿಪ್ಪುವಿನ ಪಡೆಗಳ ವೇಗಕ್ಕೆ ಆಧಾರವಾಗಿದ್ದುದು ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳು. ಅವುಗಳಿಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟವನು ಅವನೇ. 1799ರಲ್ಲಿ ಅವನು ಮಡಿದ ಮೇಲೆ ಇಂಗ್ಲಿಷರು ಆ ಹಿಂಡುಗಳನ್ನು ವಶಪಡಿಸಿಕೊಂಡು, ಮುಂದೆ ತಮ್ಮ ಫಿರಂಗಿಗಳನ್ನು ಎಳೆಯಲು ಅವುಗಳನ್ನೇ ಹೂಡಿದರು.