ಮುಪ್ಪಿನ ಬೇಸರಕ್ಕೂ ಮದ್ದುಂಟು

65 ದಾಟಿದವರು ಡಾಕ್ಟರ ಎದುರು ಕೂತು ‘ಮನಸ್ಸಿಗೆ ದುಃಖವಾಗಿದೆ’ ಎನ್ನುವುದು ಕಡಿಮೆ. ಸುಸ್ತು, ತಲೆಭಾರ, ಹೊಟ್ಟೆಯುಬ್ಬರ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ರುಚಿಸದು, ಪೂಜೆಗೆ ಕೂತರೂ ಮನಸ್ಸು ನಿಲ್ಲದು ಎನ್ನುತ್ತಾರೆ. ಮನೆಯವರು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ಹೀಗೆ ಖಿನ್ನತೆ ವರ್ಷಗಟ್ಟಲೆ ಮನೆಯೊಳಗೇ ಇದ್ದೂ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಅದೊಂದು ಕಾಯಿಲೆ. ಎಂಬತ್ತರ ವಯಸ್ಸಿನಲ್ಲೂ ಚಿಕಿತ್ಸೆಗೆ ಬಗ್ಗುತ್ತದೆ.

ಎರಡು ವಾರ ಬಿಡದೆ ಬೇಸರ ಕಾಡಿದರೆ, ಇಷ್ಟವಾಗಿದ್ದುದೆಲ್ಲ ಬೇಡವಾದರೆ ಡಾಕ್ಟರಿಗೆ ತೋರಿಸಬೇಕು. ಮೊದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸೋಡಿಯಂ ನೋಡಿಸಿ. ಇವು ಏರುಪೇರಾದರೂ ಖಿನ್ನತೆಯಂತೆಯೇ ಕಾಣುತ್ತದೆ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಮರೆವು ಹೆಚ್ಚಿದ್ದರೆ ಅರಳುಮರಳೆಂದು ನೀವೇ ತೀರ್ಮಾನಿಸಬೇಡಿ. ಖಿನ್ನತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಎಷ್ಟೋ ಸಲ ಸುಧಾರಿಸುತ್ತದೆ.

ಸೆರ್ಟ್ರಾಲಿನ್, ಎಸಿಟಲೋಪ್ರಾಮ್‌ನಂಥ ಮಾತ್ರೆಗಳನ್ನು ಹಿರಿಯರಿಗೆ ಸಣ್ಣ ಪ್ರಮಾಣದಲ್ಲಿ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಗುಣ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಸೋಡಿಯಂ ಇಳಿಯಬಹುದು. ಗೊಂದಲ, ತೂರಾಟ ಕಂಡರೆ ಕೂಡಲೇ ಡಾಕ್ಟರಿಗೆ ತಿಳಿಸಿ. ‘ಈಗ ಆರಾಮಾಗಿದ್ದೇನೆ’ ಎಂದು ಮಾತ್ರೆ ತಾವಾಗಿ ನಿಲ್ಲಿಸಬಾರದು. ನಿದ್ದೆ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡುವುದಂತೂ ಬೇಡವೇ ಬೇಡ. ರಾತ್ರಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಅದರಿಂದ ಹೆಚ್ಚುತ್ತದೆ.

ಮಾತ್ರೆಯಷ್ಟೇ ಸಾಲದು. ‘ಮನಸ್ಸು ಸರಿಹೋದ ಮೇಲೆ ಹೊರಗೆ ಹೋಗುತ್ತೇನೆ’ ಎಂದು ಕಾದರೆ ಆ ದಿನ ದೂರವೇ ಉಳಿಯುತ್ತದೆ. ಹೊರಗೆ ಹೋಗದಿದ್ದರೆ ಮಾತಿಲ್ಲ, ಬಿಸಿಲಿಲ್ಲ, ರಾತ್ರಿ ನಿದ್ದೆಯಿಲ್ಲ. ಮರುದಿನ ಏಳುವುದು ಇನ್ನೂ ಕಷ್ಟ. ಆದ್ದರಿಂದ ಕೆಲಸ ಮೊದಲು, ಹುರುಪು ಆಮೇಲೆ. ತೀರಾ ಕೆಟ್ಟ ದಿನವೂ ಮಾಡಬಹುದಾದಷ್ಟು ಚಿಕ್ಕ ಕೆಲಸವಾಗಿರಲಿ: ಹಾಲಿನ ಬೂತಿನವರೆಗೆ ನಡೆದು ಬರುವುದು, ಗಿಡಕ್ಕೆ ನೀರು ಹಾಕುವುದು, ಅವರೆಕಾಯಿ ಸುಲಿಯುವುದು. ನಿತ್ಯ ಅದೇ ಹೊತ್ತಿಗೆ ಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಅದು ರೂಢಿಯಾದ ಮೇಲೆ ಇನ್ನೊಂದು.

ಗೋವಾದಲ್ಲಿ ಖಿನ್ನತೆಯ ಅಂಚಿನಲ್ಲಿದ್ದ 181 ಹಿರಿಯರ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮನೋವೈದ್ಯರಲ್ಲದ, ತರಬೇತಿ ಪಡೆದ ಸಮಾಲೋಚಕರು ಅವರಲ್ಲಿ ಒಂದು ಗುಂಪಿನವರ ತೊಂದರೆಗಳನ್ನು ಒಂದೊಂದಾಗಿ ಬಿಡಿಸಿ ನೋಡಲು ನೆರವಾದರು, ನಿದ್ದೆಯ ಕ್ರಮ ಕಲಿಸಿದರು, ಸಕ್ಕರೆ ಕಾಯಿಲೆಯಂಥವುಗಳ ಆರೈಕೆ ಹೇಳಿಕೊಟ್ಟರು, ಸಿಗಬೇಕಾದ ಸವಲತ್ತು ಪಡೆಯಲು ಸಹಾಯ ಮಾಡಿದರು. ವರ್ಷದೊಳಗೆ ಖಿನ್ನತೆಗೆ ಜಾರಿದವರು ಈ ಗುಂಪಿನ 91 ಜನರಲ್ಲಿ 4, ಮಾಮೂಲು ಆರೈಕೆಯ 90 ಜನರಲ್ಲಿ 13. ಸವಲತ್ತಿನ ಚಿಂತೆ ಕಳೆಯುವುದನ್ನೂ ಮನಸ್ಸಿನ ಆರೈಕೆ ಎಂದೇ ಎಣಿಸಿದ್ದು ನನಗೆ ಬಹಳ ಸರಿಯೆನಿಸುತ್ತದೆ.

ಒಂಟಿತನದ ದಾರಿ ಬೇರೆ. ಮನೆತುಂಬ ಜನವಿದ್ದೂ ಹಿರಿಯರು ಒಂಟಿಯಾಗಿರಬಹುದು. ಕಿವಿ ಮಂದವಾಗಿದ್ದರೆ ಮಾತಿನ ನಡುವೆ ಕೂತೂ ಹೊರಗಿನವರೇ; ಶ್ರವಣ ಪರೀಕ್ಷೆ ಮಾಡಿಸಿ. ದೂರದ ಊರಿನಿಂದ ‘ಊಟ ಆಯ್ತಾ?’ ಎಂದು ಕೇಳಿ ಫೋನ್ ಇಡುವ ಮಕ್ಕಳು, ‘ಅಮ್ಮಾ, ಹುಳಿಪುಡಿಗೆ ಧನಿಯಾ ಎಷ್ಟು ಹಾಕ್ತಿದ್ದೆ?’ ಎಂದು ಕೇಳಿ ನೋಡಲಿ. ತಾವು ಇನ್ನೂ ಬೇಕಾದವರು ಎಂಬ ನಂಬಿಕೆ ಹಿರಿಯರಿಗೆ ಹುಟ್ಟುವುದು ಇಂಥ ಮಾತುಗಳಿಂದ.

‘ಸಾಕಾಗಿದೆ, ಹೋಗಿಬಿಟ್ಟರೆ ಚೆನ್ನ’ ಎಂಬ ಮಾತನ್ನು ತೇಲಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಕೀಟನಾಶಕ ಮತ್ತು ಮಾತ್ರೆಗಳನ್ನು ಬೀಗದೊಳಗಿಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್‌ನ 14416 ಸಂಖ್ಯೆ ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಇತರ ತೊಂದರೆಗಳಿಗೆ 14567. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಗೊತ್ತಾದ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮೂರಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಇದನ್ನು ಓದುತ್ತಿರುವ ಹಿರಿಯರು ನೀವೇ ಆಗಿದ್ದರೆ, ಮಕ್ಕಳಿಗೇಕೆ ತೊಂದರೆ ಎಂದು ನುಂಗಿಕೊಳ್ಳಬೇಡಿ. ಇಂದೇ ಒಬ್ಬರಿಗಾದರೂ ಹೇಳಿ.