ಮುಗ್ಗಲು ಕಾಫಿ: ತಪ್ಪೆಲ್ಲ ಚಿಕೋರಿಯದೇ?

ಮಳೆ ಬಲವಾಯಿತೆಂದರೆ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಉಪ್ಪು ನೀರೊಡೆಯುತ್ತದೆ, ಕಾಫಿಪುಡಿ ಡಬ್ಬಿಯಲ್ಲೇ ಗಂಟುಕಟ್ಟುತ್ತದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಕರಾವಳಿ ಇದು. ಈ ದಿನಗಳಲ್ಲಿ ಕಾಫಿಗೆ ಹಳೆಯ ಗೋಣಿಯ ವಾಸನೆ ಹೊಡೆದರೆ ಸಾಮಾನ್ಯವಾಗಿ ಬರುವ ದೂರು: ‘ಚಿಕೋರಿ ಜಾಸ್ತಿ ಬೆರೆಸಿದ್ದಾರೆ.’

ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿಮಾಡಿ ಬೆರೆಸಿದರೆ ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಮಂದ, ಒಂದಿಷ್ಟು ಕಹಿ ಬರುತ್ತದೆ. ಮುಗ್ಗಲು ವಾಸನೆ ಅದರ ಗುಣವಲ್ಲ. ಮಿಶ್ರಣದಲ್ಲಿ ಶೇ 49ರವರೆಗೆ ಚಿಕೋರಿ ಇರಲು ಕಾನೂನೇ ಒಪ್ಪುತ್ತದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿರಬೇಕು. ಅನುಮಾನವಿದ್ದರೆ ಒಂದು ಲೋಟ ನೀರಿನ ಮೇಲೆ ಪುಡಿ ಉದುರಿಸಿ ನೋಡಬಹುದು. ಕಾಫಿ ತೇಲುತ್ತದೆ, ಚಿಕೋರಿ ಕ್ಷಣಗಳಲ್ಲಿ ಬಣ್ಣದ ಎಳೆ ಬಿಡುತ್ತ ಮುಳುಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ನಂಬಿಕೆ ಇನ್ನೊಂದಿದೆ: ಬೀಜಕ್ಕೆ ಎಂಥ ವಾಸನೆ ಇದ್ದರೂ ಕಪ್ಪಗೆ ಹುರಿದರೆ ಹೋಗುತ್ತದೆ ಎನ್ನುವುದು. ಹೋಗುವುದಿಲ್ಲ. ದೋಷ ಬಹುಪಾಲು ಹುಟ್ಟುವುದು ಹುರಿಯುವ ಯಂತ್ರದಲ್ಲಲ್ಲ, ತೋಟದ ಕಣದಲ್ಲಿ. ಕೊಯ್ದ ಹಣ್ಣನ್ನು ರಾಶಿ ಹಾಕಿ ಬಿಟ್ಟರೆ, ಪಲ್ಪ್ ಮಾಡಿದ (ಸಿಪ್ಪೆ ಸುಲಿದ) ಬೀಜ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಹುದುಗಿದರೆ ಹುಳಿ, ಕೊಳೆತ ನಾತ ಒಳಗೇ ಕೂರುತ್ತದೆ. ಹಾಗೆ ಕೆಟ್ಟ ಒಂದೇ ಬೀಜ ಇಡೀ ಲೋಟವನ್ನು ಕೆಡಿಸಬಲ್ಲದು. ಚೆರಿಯನ್ನು, ಅಂದರೆ ಸಿಪ್ಪೆಸಹಿತ ಒಣಗಿಸುವ ಹಣ್ಣನ್ನು, ಬರಿನೆಲದ ಮೇಲೆ ಹರಡಿದರೆ ಮಣ್ಣಿನ ವಾಸನೆ ಹತ್ತುತ್ತದೆ. ಕಾಯಿ ಇರುವಾಗಲೇ ಕೊಯ್ದದ್ದಾದರೆ ಎಷ್ಟು ಹುರಿದರೂ ಬೀಜ ಬಿಳಿಚಿಕೊಂಡೇ ಉಳಿದು ಒಣಹುಲ್ಲಿನಂಥ ರುಚಿ ಕೊಡುತ್ತದೆ.

ಒಣಗಿಸುವ ಹೊತ್ತಿಗೆ ಮೋಡ ಮುಚ್ಚಿದರೆ ಇನ್ನೂ ಕಷ್ಟ. ತೇವಾಂಶ ಶೇ 10–11ರ ಆಸುಪಾಸಿಗೆ ಇಳಿಯದೆ ಚೀಲ ಸೇರಿದ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಆಕ್ರಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಹುರಿದಾಗ ಅದರ ಪ್ರಮಾಣ ತಗ್ಗುತ್ತದೆ, ಪೂರ್ತಿ ಅಳಿಯುವುದಿಲ್ಲ. ಬ್ರೆಜಿಲ್ ಕಾಫಿಯ ‘ರಿಯೊ’ ಎಂಬ ದೋಷದ ಔಷಧಿಯಂಥ ವಾಸನೆಗೆ ಮುಖ್ಯ ಕಾರಣ ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕ. ಲೀಟರಿಗೆ ಕೆಲವೇ ನ್ಯಾನೋಗ್ರಾಮ್ ಇದ್ದರೂ ಅದು ಮೂಗಿಗೆ ಸಿಗುತ್ತದೆ, ಹುರಿದ ಮೇಲೂ ಉಳಿಯುತ್ತದೆ. ಈಗ ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲೂ ಕಾಫಿ ಬೆಳೆಯುತ್ತಿದ್ದಾರೆ. ಅಡಿಕೆ ಒಣಗಿಸುವಲ್ಲಿ ತೋರುವ ಎಚ್ಚರವನ್ನೇ ಅಲ್ಲಿನ ಬೆಳೆಗಾರರು ಕಾಫಿಗೂ ತೋರಿದರೆ ಅರ್ಧ ದೋಷ ಅಲ್ಲೇ ನಿಲ್ಲುತ್ತದೆ.

ಇಷ್ಟು ಹೇಳಿದರೆ ಕರಾವಳಿಯವರು ಮಾನ್ಸೂನ್ಡ್ ಮಲಬಾರ್ ಕಾಫಿಯತ್ತ ಬೊಟ್ಟುಮಾಡಬಹುದು: ಮಳೆಯ ತೇವ ಕುಡಿದೇ ಅದು ಹೆಸರಾಗಿದೆಯಲ್ಲ? ನಿಜ. ಹಾಯಿಹಡಗುಗಳ ಕಾಲದಲ್ಲಿ ಯುರೋಪಿಗೆ ಹೋಗುವ ಕಾಫಿ ಆಫ್ರಿಕದ ತುದಿ ಬಳಸಿ, ತಿಂಗಳುಗಟ್ಟಲೆ ಸಮುದ್ರದ ಗಾಳಿ ಕುಡಿದು, ಬಣ್ಣ ಕಳೆದು ಉಬ್ಬಿರುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಹಿಡಿಸಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪಯಣ ಕಿರಿದಾಯಿತು, ಆ ರುಚಿಯೂ ತಪ್ಪಿತು. ಈಗ ಆ ರುಚಿಯನ್ನು ಮಂಗಳೂರಿನಂಥ ಕಡೆ ಬೇಕೆಂದೇ ತಯಾರಿಸುತ್ತಾರೆ. ಚೆನ್ನಾಗಿ ಒಣಗಿದ, ಆರಿಸಿದ ಚೆರಿ ಕಾಫಿಯ ಹಸಿ ಬೀಜವನ್ನು ಬದಿ ತೆರೆದ ಗೋದಾಮಿನಲ್ಲಿ ನಾಲ್ಕಾರು ಇಂಚು ದಪ್ಪಕ್ಕೆ ಹರಡಿ, ಆಗಾಗ ಕೈಯಾಡಿಸಿ, ಚೀಲಗಳಲ್ಲಿ ಸಡಿಲವಾಗಿ ತುಂಬಿ, ಗಾಳಿಯಾಡುವಂತೆ ಜೋಡಿಸಿ, ಮತ್ತೆ ಸುರಿದು ತುಂಬುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಕೆಲಸ. ಹುಳಿ ತಗ್ಗುತ್ತದೆ, ಬೀಜ ಹೊಂಬಣ್ಣಕ್ಕೆ ತಿರುಗುತ್ತದೆ. ಉಬ್ಬದವನ್ನು ಕೊನೆಗೆ ಆರಿಸಿ ತೆಗೆಯುತ್ತಾರೆ. ಇದು ಕಾವಲಿನಲ್ಲಿ ನಡೆಯುವ ಕೆಲಸ, ಅದೂ ಹಸಿ ಬೀಜದ ಮೇಲೆ. ಹುರಿದ ಪುಡಿ ತೇವ ಹೀರಿದರೆ ಪರಿಮಳ ಹಾರಿ ಸಪ್ಪೆಯಾಗುತ್ತದೆ. ಅದನ್ನು ಮಾನ್ಸೂನ್ ಕಾಫಿ ಎಂದು ಸಮಾಧಾನಪಡುವುದು ಬೇಡ.

ಫ್ರಿಜ್ಜಿನ ಡಬ್ಬಿಯೂ ಪರಿಹಾರವಲ್ಲ. ಹೊರತೆಗೆದು ಮುಚ್ಚಳ ತೆರೆದೊಡನೆ ಕರಾವಳಿಯ ಗಾಳಿಯ ತೇವ ತಣ್ಣನೆಯ ಪುಡಿಯ ಮೇಲೆ ನೀರಾಗಿ ಕೂರುತ್ತದೆ. ಪಕ್ಕದ ಮೀನು ಸಾರಿನ ವಾಸನೆಯನ್ನೂ ಪುಡಿ ಎಳೆದುಕೊಳ್ಳುತ್ತದೆ.

ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೆ ಸಾಕಾಗುವಷ್ಟೇ ಪುಡಿ ಕೊಳ್ಳಿ, ಗಾಳಿಯಾಡದ ಡಬ್ಬಿಯಲ್ಲಿಡಿ, ಒಣ ಚಮಚ ಬಳಸಿ. ಹೊಸ ಪೊಟ್ಟಣ ಒಡೆದಾಗಲೇ ಮುಗ್ಗಲು ವಾಸನೆ ಬಂದರೆ ಅಂಗಡಿಗೆ ಹಿಂದಿರುಗಿಸಿ.