ಅಪ್‌ಡೇಟ್ ಕೈಕೊಟ್ಟರೆ ಹಳೆಯ ಆವೃತ್ತಿಗೆ ಮರಳುವುದು ಹೇಗೆ?

ಮಟ್ಟುವಿನ ಗುಳ್ಳ ಬದನೆ ಬೆಳೆಗಾರರೊಬ್ಬರು ಉಬುಂಟು ಹಾಕಿದ ಲ್ಯಾಪ್‌ಟಾಪಿನಲ್ಲಿ ಮಾರಾಟದ ಲೆಕ್ಕ ಬರೆಯುತ್ತಾರೆ ಎಂದಿಟ್ಟುಕೊಳ್ಳಿ. ಟೈಪಿಂಗ್ ಕನ್ನಡದಲ್ಲೇ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ‘ಕೆಜಿಪಿ’ ಹೆಸರಿನಲ್ಲಿ ಸಿಗುತ್ತದೆ. ‘ಐಬಸ್’ ತಂತ್ರಾಂಶ ಅದನ್ನು ನಡೆಸುತ್ತದೆ. ಅಪ್‌ಡೇಟ್ ಆದ ಮರುದಿನ ಒತ್ತಕ್ಷರವೇ ಮೂಡುತ್ತಿಲ್ಲ! ಆಗ ಇಡೀ ಸಿಸ್ಟಮ್ ಅಳಿಸಬೇಕಿಲ್ಲ. ಕೆಟ್ಟ ಪ್ಯಾಕೇಜನ್ನು, ಅಂದರೆ ತಂತ್ರಾಂಶದ ಆ ಒಂದು ಕಟ್ಟನ್ನು, ಹಿಂದಿನ ಆವೃತ್ತಿಗೆ ಇಳಿಸಿದರೆ ಸಾಕು. ಇದೇ ಡೌನ್‌ಗ್ರೇಡ್.

ಬದಲಾದದ್ದು ಯಾವುದು ಎಂದು ಮೊದಲು ಗೊತ್ತಾಗಬೇಕಲ್ಲ? ‘ವಾರ್’ ಫೋಲ್ಡರಿನ ‘ಲಾಗ್’, ಅದರೊಳಗಿನ ‘ಆಪ್ಟ್’ನಲ್ಲಿ ‘ಹಿಸ್ಟರಿ’ ಎಂಬ ಕಡತವಿದೆ. ಯಾವ ದಿನ ಯಾವ ಪ್ಯಾಕೇಜು ಯಾವ ಆವೃತ್ತಿಯಿಂದ ಯಾವುದಕ್ಕೆ ಏರಿತು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಪ್ಯಾಕೇಜುಗಳನ್ನು ನಿರ್ವಹಿಸುವ ತಂತ್ರಾಂಶವೇ ಆಪ್ಟ್. ಟರ್ಮಿನಲ್‌ನಲ್ಲಿ ‘ಆಪ್ಟ್ ಪಾಲಿಸಿ’ ಆದೇಶದ ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಈಗ ಸಿಗುವ ಆವೃತ್ತಿಗಳು ಕಾಣುತ್ತವೆ. ಬಳಿಕ ‘ಸುಡೊ ಆಪ್ಟ್ ಇನ್‌ಸ್ಟಾಲ್’, ಪ್ಯಾಕೇಜಿನ ಹೆಸರು, ಸಮ ಚಿಹ್ನೆ, ಹಳೆಯ ಆವೃತ್ತಿ ಸಂಖ್ಯೆ. ಹೆಸರು, ಚಿಹ್ನೆ, ಸಂಖ್ಯೆಗಳ ನಡುವೆ ಜಾಗ ಬಿಡಬೇಡಿ.

ಎಂಟರ್ ಒತ್ತಿದ ಮೇಲೆ ಅವಸರ ಬೇಡ. ಪ್ಯಾಕೇಜುಗಳು ಒಂದನ್ನೊಂದು ನೆಚ್ಚಿಕೊಂಡಿರುತ್ತವೆ. ಒಂದನ್ನು ಇಳಿಸಿದರೆ ಇನ್ನು ಕೆಲವನ್ನು ತೆಗೆದುಹಾಕುತ್ತೇನೆ ಎಂದು ಆಪ್ಟ್ ಪಟ್ಟಿ ಕೊಡಬಹುದು. ಆ ಪಟ್ಟಿ ಉದ್ದವಿದ್ದರೆ, ಅದರಲ್ಲಿ ಡೆಸ್ಕ್‌ಟಾಪಿನ ಹೆಸರೇ ಇದ್ದರೆ, ‘ಎನ್’ ಒತ್ತಿ ಹೊರಬನ್ನಿ.

ಇಳಿಸಿದ್ದು ಮುಂದಿನ ಅಪ್‌ಡೇಟಿನಲ್ಲಿ ಮತ್ತೆ ಏರದಿರಲು ‘ಆಪ್ಟ್-ಮಾರ್ಕ್ ಹೋಲ್ಡ್’ ಹಾಕಿ. ಆದರೆ ಹೋಲ್ಡ್ ಇರುವಷ್ಟು ದಿನ ಆ ಪ್ಯಾಕೇಜಿಗೆ ಸುರಕ್ಷತೆಯ ತಿದ್ದುಪಡಿಯೂ ಬರುವುದಿಲ್ಲ. ಬ್ರೌಸರಿಗಂತೂ ಇದನ್ನು ಹಾಕಲೇಬೇಡಿ.

ಖರ್ಚು? ಡೇಟಾ ಬಿಟ್ಟರೆ ಏನೂ ಇಲ್ಲ. ಹಳೆಯ ಆವೃತ್ತಿ ಸಿಗುವುದೆಲ್ಲಿ? ಉಬುಂಟು ಭಂಡಾರದಲ್ಲಿ ಸಾಮಾನ್ಯವಾಗಿ ಬಿಡುಗಡೆಯ ದಿನದ ಆವೃತ್ತಿ ಮತ್ತು ಈಚಿನದು ಇರುತ್ತವೆ. ನಡುವಿನವು ಲಾಂಚ್‌ಪ್ಯಾಡ್ ತಾಣದಲ್ಲಿ ಸಿಗುತ್ತವೆ. ಡೆಬಿಯನ್ ಲಿನಕ್ಸ್ ಬಳಸುವವರಿಗೆ ಅದರ ಸ್ನ್ಯಾಪ್‌ಶಾಟ್ ಭಂಡಾರದಲ್ಲಿ 2005ರಿಂದೀಚಿನ ಪ್ಯಾಕೇಜುಗಳಿವೆ. ಫೆಡೋರಾ ಲಿನಕ್ಸ್‌ನವರಿಗೆ ‘ಡಿಎನ್‌ಎಫ್ ಡೌನ್‌ಗ್ರೇಡ್’ ಎಂಬ ನೇರ ಆದೇಶವೇ ಇದೆ.

ಇಡೀ ಉಬುಂಟುವನ್ನೇ 24.04ರಿಂದ 22.04ಕ್ಕೆ ಇಳಿಸಬಹುದೇ ಎಂದು ಕೇಳುವವರಿದ್ದಾರೆ. ಆ ಸಾಹಸ ಬೇಡ. ಪ್ಯಾಕೇಜುಗಳ ಒಳಗಿನ ಸ್ಕ್ರಿಪ್ಟುಗಳು ಮೇಲೇರುವುದಕ್ಕೆಂದೇ ಬರೆದವು, ಹಿಂದಕ್ಕೆ ಬರುವ ದಾರಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹಳೆಯದನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಸುರಕ್ಷಿತ. ಇನ್ನು ಒಂದೇ ಪ್ಯಾಕೇಜು ಇಳಿಸಿಕೊಂಡವರು ತಿಂಗಳಿಗೊಮ್ಮೆ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕೊಟ್ಟು ಹೋಲ್ಡ್‌ನಲ್ಲಿರುವವುಗಳ ಪಟ್ಟಿ ನೋಡಿ. ದೋಷ ಸರಿಯಾದ ಆವೃತ್ತಿ ಬಂದಿದ್ದರೆ ‘ಅನ್‌ಹೋಲ್ಡ್’ ಮಾಡಿಬಿಡಿ.